ಹಾರುವ ಬೈಕು, ಕಾಯುವ ಕ್ಯಾಮರಾ: ನಿಲ್ಲೋದು ಎಲ್ಲಿ?

ಹೊಸೂರು: ಒಂದೇ ದಿಬ್ಬ, ಒಂದೇ ಬೈಕು, ಒಬ್ಬನೇ ಸವಾರ. ಇಬ್ಬರು ಫೋಟೋ ತೆಗೆದರು ಅಂತ ಇಟ್ಟುಕೊಳ್ಳಿ. ಒಬ್ಬರ ಚಿತ್ರದಲ್ಲಿ ಬೈಕು ಮುಗಿಲು ಮುಟ್ಟಿದೆ. ಇನ್ನೊಬ್ಬರ ಚಿತ್ರದಲ್ಲಿ ಊರ ರಸ್ತೆಯ ಹಂಪ್ ದಾಟಿದ ಹಾಗಿದೆ. ಈ ವ್ಯತ್ಯಾಸಕ್ಕೆ ಕಾರಣ ಕ್ಯಾಮರಾದ ಬೆಲೆ ಅಲ್ಲ. ಇಬ್ಬರೂ ನಿಂತ ಜಾಗ ಬೇರೆ, ಕ್ಯಾಮರಾ ಹಿಡಿದ ಎತ್ತರ ಬೇರೆ. ಅಷ್ಟೇ.

ಮಣ್ಣಿನ ಹಾದಿಯ ಬೈಕ್ ರೇಸ್, ಅಂದರೆ ಮೋಟೋಕ್ರಾಸ್ ಫೋಟೋಗ್ರಫಿಯಲ್ಲಿ ಕೋನದ ಆಯ್ಕೆಯೇ ಅರ್ಧ ಕೆಲಸ. ಆದರೆ ಇಲ್ಲೊಂದು ತೊಡಕಿದೆ. ಚಿತ್ರ ಚೆನ್ನಾಗಿ ಬರುವ ಜಾಗವೂ ಬೈಕು ಬಂದು ಬಡಿಯುವ ಜಾಗವೂ ಎಷ್ಟೋ ಸಲ ಒಂದೇ ಆಗಿರುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು ಎಂಬುದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಅದು ಪ್ರಾಣದ ಪ್ರಶ್ನೆ, ಚಿತ್ರ ಎಷ್ಟು ನಿಜ ಹೇಳುತ್ತದೆ ಎಂಬ ಪ್ರಶ್ನೆ ಕೂಡ.

ಬೈಕಿನ ಊರಿಗೆ ಬೈಕಿನ ಮಾತು

ಹೊಸೂರಿಗೂ ಬೈಕಿಗೂ ನಂಟು ಹಳೆಯದು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದಿದ್ದು ಇಲ್ಲಿನ ಕಾರ್ಖಾನೆಯಿಂದಲೇ. 1982ರಲ್ಲಿ ಶುರುವಾದ ಟಿವಿಎಸ್ ರೇಸಿಂಗ್ ತಂಡ ಅಂದಿನಿಂದ ಡರ್ಟ್ ಟ್ರ್ಯಾಕ್, ಸೂಪರ್‌ಕ್ರಾಸ್, ರ‍್ಯಾಲಿಗಳಲ್ಲಿ ಬೈಕು ಓಡಿಸುತ್ತಿದೆ. ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಕನ್ನಡದ ಮನೆಗಳಲ್ಲಿ ಕಾರ್ಖಾನೆ ಕೆಲಸ, ಬೈಕಿನ ಮಾತು ಎರಡೂ ಹೊಸತಲ್ಲ.

ಈ ತಂಡದಲ್ಲಿ ಓಡಿಸಿದ ಕನ್ನಡಿಗರೂ ಇದ್ದಾರೆ. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರ ಡಾಕರ್ ರ‍್ಯಾಲಿಯನ್ನು 37ನೇ ಸ್ಥಾನದಲ್ಲಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಕೇರಳದ ಶೋರನೂರಿನ ಹರಿತ್ ನೋವಾ 2024ರ ಡಾಕರ್‌ನಲ್ಲಿ ಒಟ್ಟಾರೆ 11ನೇ ಸ್ಥಾನ ಪಡೆದು, ರ‍್ಯಾಲಿ 2 ವಿಭಾಗದಲ್ಲಿ ಮೊದಲಿಗರಾದರು. ಇವರಿಗೂ ಮೊದಲು, 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ ಎನಿಸಿಕೊಂಡ ಬೆಂಗಳೂರಿನ ಸಿ.ಎಸ್. ಸಂತೋಷ್ ಕೂಡ ಸೂಪರ್‌ಕ್ರಾಸ್ ದಿಬ್ಬಗಳ ಮೇಲೆ ಪಳಗಿದವರೇ.

2024ರ ಆರಂಭದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಆವೃತ್ತಿ ಪುಣೆ, ಅಹಮದಾಬಾದ್, ಬೆಂಗಳೂರುಗಳಲ್ಲಿ ನಡೆಯಿತು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ಬೆಳಗ್ಗೆ ಬಸ್ ಹತ್ತಿದರೆ ರೇಸ್ ನೋಡಿಕೊಂಡು ರಾತ್ರಿ ಊಟಕ್ಕೆ ಮನೆ ಸೇರಬಹುದು. ಹೀಗೆ ಹೋಗುವವರ ಹೆಗಲಲ್ಲಿ ಒಂದು ಕ್ಯಾಮರಾ ಅಥವಾ ಜೇಬಲ್ಲಿ ಒಳ್ಳೆಯದೊಂದು ಮೊಬೈಲ್ ಇದ್ದೇ ಇರುತ್ತದೆ. ಮದುವೆ, ನಾಮಕರಣಗಳಲ್ಲಿ ಕೈ ಪಳಗಿದ ಸ್ಟುಡಿಯೋ ಹುಡುಗರಿಗೂ ಈ ಮೈದಾನ ಬಾ ಎನ್ನುತ್ತದೆ.

ಏನಿದು ಆಟ?

ಮೋಟೋಕ್ರಾಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಸರ್ರೆ ಪ್ರಾಂತ್ಯದ ಕ್ಯಾಂಬರ್ಲಿಯಲ್ಲಿ ನಡೆದ 'ಸ್ಕ್ರ್ಯಾಂಬಲ್' ಸ್ಪರ್ಧೆಯನ್ನು ಇದರ ಮೂಲ ಎನ್ನುತ್ತಾರೆ. ವಿಶ್ವ ಚಾಂಪಿಯನ್‌ಷಿಪ್ ಬಂದಿದ್ದು 1957ರಲ್ಲಿ. 1972ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕ್ರೀಡಾಂಗಣಕ್ಕೆ ಮಣ್ಣು ತಂದು ಸುರಿದು, ದಿಬ್ಬ ಕಟ್ಟಿ ರೇಸ್ ಮಾಡಿದರು. ಸೂಪರ್‌ಕ್ರಾಸ್ ಬೆಳೆದಿದ್ದು ಅಲ್ಲಿಂದ. ಬಯಲಿನ ಏರಿಳಿತದಲ್ಲಿ ಓಡಿದರೆ ಮೋಟೋಕ್ರಾಸ್, ಕಟ್ಟಿದ ದಿಬ್ಬಗಳ ಮೇಲೆ ಹಾರಿದರೆ ಸೂಪರ್‌ಕ್ರಾಸ್ ಎಂದು ಸ್ಥೂಲವಾಗಿ ಹೇಳಬಹುದು.

ಬೈಕುಗಳ ತೂಕ ಸುಮಾರು 100ರಿಂದ 110 ಕಿಲೋ. ಸವಾರ ಹೆಚ್ಚು ಹೊತ್ತು ನಿಂತೇ ಓಡಿಸುತ್ತಾನೆ. ದಿಬ್ಬ, ತಿರುವು, ಸಾಲು ಸಾಲು ಗುಬ್ಬಿಗಳು, ಮತ್ತೆ ದಿಬ್ಬ. ಫೋಟೋ ತೆಗೆಯುವವರಿಗೆ ಇದರಲ್ಲೊಂದು ಅನುಕೂಲವೂ ಇದೆ. ಸವಾರ ಅದೇ ಹಾದಿಯಲ್ಲಿ ಮತ್ತೆ ಮತ್ತೆ ಬರುತ್ತಾನೆ. ಈ ಸುತ್ತಿನಲ್ಲಿ ತಪ್ಪಿದ್ದು ಮುಂದಿನ ಸುತ್ತಿನಲ್ಲಿ ಸಿಗಬಹುದು.

ಮೊದಲು ಕಾಲು, ಆಮೇಲೆ ಕ್ಯಾಮರಾ

ಮದುವೆಯಲ್ಲಿ ಗಟ್ಟಿಮೇಳ ಶುರುವಾದ ಮೇಲೆ ನಿಲ್ಲೋಕೆ ಜಾಗ ಹುಡುಕಿದರೆ ತಾಳಿ ಕಟ್ಟುವ ಫೋಟೋ ಸಿಗುತ್ತಾ? ಅನುಭವಸ್ಥ ಫೋಟೋಗ್ರಾಫರ್ ಅಷ್ಟು ಹೊತ್ತಿಗೆ ವರನ ಎದುರು ಸ್ಟೂಲ್ ಹಾಕಿಕೊಂಡು ನಿಂತಾಗಿರುತ್ತದೆ. ರೇಸಿನದೂ ಅದೇ ಲೆಕ್ಕ.

ರೇಸ್ ದಿನ ಬೆಳಗ್ಗೆ ಅಭ್ಯಾಸದ ಸುತ್ತುಗಳು ಇರುತ್ತವೆ. ಆಗ ಕ್ಯಾಮರಾ ಬ್ಯಾಗಿನಲ್ಲೇ ಇದ್ದರೂ ನಷ್ಟವಿಲ್ಲ. ತಂತಿ ಬೇಲಿಯ ಹೊರಗೆ ಟ್ರ್ಯಾಕಿನ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಯಾವ ದಿಬ್ಬದಲ್ಲಿ ಬೈಕು ನೇರ ಹಾರುತ್ತದೆ, ಯಾವುದರಲ್ಲಿ ಓರೆಯಾಗುತ್ತದೆ? ಯಾವ ತಿರುವಿನಲ್ಲಿ ಎಲ್ಲರೂ ಒಂದೇ ಗೆರೆ ಹಿಡಿಯುತ್ತಾರೆ, ಎಲ್ಲಿ ಇಬ್ಬರು ಜಗಳಕ್ಕೆ ಬೀಳುತ್ತಾರೆ? ಬೆಳಿಗ್ಗೆ ಹತ್ತಕ್ಕೆ ಬಿಸಿಲು ಎತ್ತಲಿಂದ, ಸಂಜೆ ನಾಲ್ಕಕ್ಕೆ ಎತ್ತಲಿಂದ? ಸವಾರನ ಹಿಂದೆ ಕಾಣೋದು ಮರವೋ, ಆಕಾಶವೋ, ಮೊಬೈಲ್ ಟಾಯ್ಲೆಟ್ಟೋ? ಇಷ್ಟನ್ನು ನೋಡಿಟ್ಟುಕೊಂಡರೆ ಕೋನ ತಾನಾಗಿಯೇ ಹೊಳೆಯುತ್ತದೆ.

ಪಕ್ಕದಿಂದ: ಎತ್ತರ ಅಳೆಯುವ ಕೋನ

ಓಡುವುದನ್ನು ಪಕ್ಕದಿಂದ ಹಿಡಿಯುವ ಪದ್ಧತಿಗೆ ದೊಡ್ಡ ಚರಿತ್ರೆ ಇದೆ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕುದುರೆ ಓಡುವ ಹಾದಿಯ ಪಕ್ಕ ಕ್ಯಾಮರಾಗಳನ್ನು ಸಾಲಾಗಿ ಇಟ್ಟ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂಬುದು ಆ ಚಿತ್ರಗಳಿಂದ ಸಾಬೀತಾಯಿತು. ಎದುರಿನಿಂದ ತೆಗೆದಿದ್ದರೆ ಈ ಸತ್ಯ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಮೋಟೋಕ್ರಾಸ್‌ನಲ್ಲೂ ಪಕ್ಕದ ಕೋನವೇ ನಿಜವಾದ ಅಳತೆಗೋಲು. ದಿಬ್ಬ ಎಲ್ಲಿ ಮುಗಿಯಿತು, ಬೈಕು ಎಷ್ಟು ಮೇಲಿದೆ, ಎಲ್ಲಿ ಇಳಿಯಲಿದೆ, ಮೂರೂ ಒಂದೇ ಚಿತ್ರದಲ್ಲಿ ಬರುತ್ತವೆ. ಆದರೆ ವೇಗದ ಹೊಡೆತ ಹೆಚ್ಚು ತಟ್ಟುವುದೂ ಈ ಕೋನಕ್ಕೇ. ಗಂಟೆಗೆ 60 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಶಟರ್ 1/125 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಬೈಕು 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮರಾ ಅಲುಗದೆ ನಿಂತಿದ್ದರೆ ಚಿತ್ರ ಕಲಸಿದ ರಂಗೋಲಿ! 1/1000ಕ್ಕೆ ಇಟ್ಟರೆ ಆ ಜಾರುವಿಕೆ 1.7 ಸೆಂಟಿಮೀಟರಿಗೆ ಇಳಿಯುತ್ತದೆ.

ಹಾಗಂತ ಶಟರ್ ವೇಗ ಏರಿಸುತ್ತಲೇ ಹೋದರೆ ಇನ್ನೊಂದು ಎಡವಟ್ಟು. ನೆಲದ ಮೇಲೆ ಓಡುವ ಬೈಕಿನ ಚಕ್ರದ ಕಡ್ಡಿಗಳೂ ನಿಂತುಬಿಡುತ್ತವೆ, ಬೈಕು ಸ್ಟ್ಯಾಂಡ್ ಹಾಕಿ ನಿಲ್ಲಿಸಿದಂತೆ ಕಾಣುತ್ತದೆ. ಇದಕ್ಕೆ ಮದ್ದು ಪ್ಯಾನಿಂಗ್. ಶಟರ್ 1/125 ಅಥವಾ 1/60ಕ್ಕೆ ಇಟ್ಟು, ಸವಾರ ಹೋದಂತೆ ಸೊಂಟದಿಂದ ಮೇಲಿನ ದೇಹವನ್ನೇ ತಿರುಗಿಸುತ್ತ ಕ್ಲಿಕ್ಕಿಸಬೇಕು. ಕ್ಲಿಕ್ ಆದ ಮೇಲೂ ತಿರುಗುವುದು ನಿಲ್ಲಬಾರದು. ಸವಾರ ಸ್ಪಷ್ಟ, ಹಿಂದಿನ ಜನ, ಬ್ಯಾನರ್ ಎಲ್ಲ ಗೆರೆಗೆರೆ. ಹತ್ತರಲ್ಲಿ ಎಂಟು ಕೆಡುತ್ತವೆ, ಕೆಡಲಿ. ರೋಲಿಗೆ 36 ಫೋಟೋ ಇದ್ದ ಕಾಲದಲ್ಲಿ ಇದು ದುಬಾರಿ ಕಲಿಕೆ. ಈಗ ಅಳಿಸಿ ಮತ್ತೆ ತೆಗೆದರಾಯಿತು.

ಪ್ಯಾನಿಂಗಿಗೂ ಒಂದು ಹಳೆಯ ಸಾಕ್ಷಿ ಇದೆ. 1910ರ ದಶಕದ ಆರಂಭದಲ್ಲಿ ಫ್ರಾನ್ಸಿನ ಜಾಕ್ ಆನ್ರಿ ಲಾರ್ಟೀಗ್ ತೆಗೆದ ರೇಸ್ ಕಾರಿನ ಚಿತ್ರದಲ್ಲಿ ಚಕ್ರ ಮೊಟ್ಟೆಯಂತೆ ಓರೆಯಾಗಿದೆ, ಹಿಂದಿನ ಜನ ವಿರುದ್ಧ ದಿಕ್ಕಿಗೆ ವಾಲಿದ್ದಾರೆ. ಆಗಿನ ಶಟರ್ ಚಿತ್ರವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ದಾಖಲಿಸುತ್ತಿದ್ದುದೇ ಕಾರಣ. ಇಂದಿನ ಮೊಬೈಲಿನ ಶಟರ್ ಕೂಡ ಹೆಚ್ಚುಕಮ್ಮಿ ಹೀಗೇ ಕೆಲಸ ಮಾಡುತ್ತದೆ. ಹಾಗಾಗಿ ಮೊಬೈಲಲ್ಲಿ ಪಕ್ಕದಿಂದ ತೆಗೆದ ಬೈಕು ಓರೆಯಾಗಿ ಬಂದರೆ ಫೋನ್ ಕೆಟ್ಟಿದೆ ಅಂತ ರಿಪೇರಿ ಅಂಗಡಿಗೆ ಓಡಬೇಕಿಲ್ಲ.

ಎದುರಿನಿಂದ, ಸ್ವಲ್ಪ ಓರೆಯಾಗಿ

ಪತ್ರಿಕೆಗೂ ಸವಾರನಿಗೂ ಹೆಚ್ಚು ಉಪಯೋಗಕ್ಕೆ ಬರುವುದು ಈ ಕೋನ. ನೇರ ಎದುರೂ ಅಲ್ಲ, ಪೂರ್ತಿ ಪಕ್ಕವೂ ಅಲ್ಲ, ನಡುವೆ. ಮುಂದಿನ ನಂಬರ್ ಪ್ಲೇಟು, ಒಂದು ಬದಿಯ ಪ್ಲೇಟು, ಅಂಗಿ ಮೇಲಿನ ಪ್ರಾಯೋಜಕರ ಹೆಸರು, ಗಾಗಲ್ಸ್ ಒಳಗಿನ ಕಣ್ಣು, ಎಲ್ಲ ಒಟ್ಟಿಗೆ ಸಿಗುತ್ತವೆ.

ಲೆಕ್ಕದ ಅನುಕೂಲವೂ ಇದೆ. ಕ್ಯಾಮರಾದ ಕಡೆಗೇ ಬರುವ ಬೈಕು ಚಿತ್ರದಲ್ಲಿ ಅಡ್ಡಡ್ಡ ಸರಿಯುವುದು ಕಡಿಮೆ. ಸಾಗುವ ದಿಕ್ಕಿಗೆ 30 ಡಿಗ್ರಿ ಓರೆಯಲ್ಲಿ ನಿಂತು ನೋಡಿದರೆ ಅಡ್ಡ ಚಲನೆ ಪಕ್ಕದ ಕೋನದ ಅರ್ಧದಷ್ಟು ಮಾತ್ರ. ಆದರೆ ಬೈಕು ಹತ್ತಿರ ಹತ್ತಿರ ಬರುತ್ತಿರುವುದರಿಂದ ಫೋಕಸ್ ಓಡುತ್ತಲೇ ಇರಬೇಕು. ಕ್ಯಾಮರಾದಲ್ಲಿ ನಿರಂತರ ಫೋಕಸ್ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ದಿಬ್ಬದ ತುದಿಗೆ ಮೊದಲೇ ಫೋಕಸ್ ಮಾಡಿಟ್ಟು, ಬೈಕು ಅಲ್ಲಿಗೆ ಬಂದಾಗ ಒತ್ತುವುದು ಹಳಬರ ದಾರಿ.

ಕಾಸರಗೋಡಿನ ಪೈವಳಿಕೆಯಂಥ ಕಡೆ ಕಂಬಳದ ಫೋಟೋ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಣಗಳ ಓಟವನ್ನು ಕರೆಯ ಪಕ್ಕದಿಂದ ತೆಗೆದರೆ ಓಡಿಸುವವನ ಮೈಕಟ್ಟು, ಕಾಲಿನ ಚಾಚು ಸಿಗುತ್ತದೆ. ಓಟ ಮುಗಿಯುವ ತುದಿಯಿಂದ ತೆಗೆದರೆ ಕೋಣದ ಮುಖ, ಚಿಮ್ಮುವ ಕೆಸರು ನೀರು, ಹಿಂದೆ ಓಡಿಸುವವನ ಬಾಯಿ, ಎಲ್ಲ ಒಂದರ ಮೇಲೊಂದು ಒತ್ತಿದಂತೆ ಬರುತ್ತವೆ. ದೂರದಿಂದ ಉದ್ದ ಲೆನ್ಸ್‌ನಲ್ಲಿ ತೆಗೆದಾಗ ಹಿಂದಿನದು ಮುಂದಿನದಕ್ಕೆ ಅಂಟಿದಂತೆ ಕಾಣುವುದೇ ಇದರ ಗುಟ್ಟು. ಮೋಟೋಕ್ರಾಸ್‌ನ ಮೊದಲ ತಿರುವಿಗೆ ಎಲ್ಲ ಸವಾರರೂ ನುಗ್ಗುವಾಗ ಇದೇ ಕೋನ ಜಾತ್ರೆಯ ನೂಕುನುಗ್ಗಲನ್ನು ಕಣ್ಣಿಗೆ ಕಟ್ಟಿಕೊಡುತ್ತದೆ.

ಕೆಳಗಿನಿಂದ: ಹುಷಾರು, ಇದು ಸುಳ್ಳೂ ಹೇಳುತ್ತೆ

ಆಕಾಶಕ್ಕೆ ಹಾರಿದಂಥ ಫೋಟೋಗಳ ಮರ್ಮ ಸರಳ. ಸಮತಟ್ಟು ನೆಲದಲ್ಲಿ ಕ್ಯಾಮರಾ ಯಾವ ಎತ್ತರದಲ್ಲಿದೆಯೋ ಅದಕ್ಕಿಂತ ಮೇಲಿರುವುದೆಲ್ಲ ಚಿತ್ರದಲ್ಲಿ ದಿಗಂತದ ಗೆರೆಗಿಂತ ಮೇಲೆ ಕಾಣುತ್ತದೆ. ನಿಂತುಕೊಂಡು, ಕಣ್ಣಿನ ಮಟ್ಟಕ್ಕೆ ಅಂದರೆ ಒಂದೂವರೆ ಮೀಟರ್ ಎತ್ತರದಲ್ಲಿ ಕ್ಯಾಮರಾ ಹಿಡಿದರೆ, ಒಂದು ಮೀಟರ್ ಹಾರಿದ ಬೈಕಿನ ಚಕ್ರ ದಿಗಂತದ ಕೆಳಗೇ ಉಳಿಯುತ್ತದೆ. ಹಿಂದೆ ಮಣ್ಣು, ಜನ. ಹಾರಿದ್ದೇ ಗೊತ್ತಾಗುವುದಿಲ್ಲ. ಮೊಣಕಾಲೂರಿ ಕ್ಯಾಮರಾವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿ ನೋಡಿ. ಅದೇ ಒಂದು ಮೀಟರ್ ಹಾರಾಟದಲ್ಲಿ ಎರಡೂ ಚಕ್ರ ಆಕಾಶದಲ್ಲಿರುತ್ತವೆ!

ಹತ್ತಿರದಿಂದ ಅಗಲ ಲೆನ್ಸ್ ಬಳಸಿದರೆ ಮುಂದಿನ ಚಕ್ರ ಬಂಡಿ ಗಾಲಿಯಷ್ಟಾಗುತ್ತದೆ, ಸವಾರ ರಾಕ್ಷಸನಂತೆ ಕಾಣುತ್ತಾನೆ. ನೋಡಲು ಮಜಾ. ಪೋಸ್ಟರಿಗೆ ಹೇಳಿ ಮಾಡಿಸಿದ್ದು. ಆದರೆ "ಇಷ್ಟು ಎತ್ತರ ಹಾರಿದ" ಎಂದು ಪತ್ರಿಕೆಯಲ್ಲಿ ಅಚ್ಚಾದಾಗ ಅದು ಅರ್ಧ ಸತ್ಯ. ಇದನ್ನು ನೋಡಿ ಊರಾಚೆಯ ಮಣ್ಣಿನ ಗುಡ್ಡದ ಮೇಲೆ ಹೆಲ್ಮೆಟ್ಟೂ ಇಲ್ಲದೆ ಅಪ್ಪನ ಬೈಕು ಹಾರಿಸಲು ಹೊರಡುವ ಹುಡುಗರಿಗೆ ಆ ಅರ್ಧ ಸತ್ಯ ಗೊತ್ತಿರುವುದಿಲ್ಲ. ರೇಸಿನ ಸವಾರ ಎದೆಗವಚ, ಮಂಡಿಕವಚ, ಗಟ್ಟಿ ಬೂಟು ಹಾಕಿ, ವರ್ಷಗಟ್ಟಲೆ ಅಭ್ಯಾಸ ಮಾಡಿ ಹಾರಿದ್ದು. ಅವನ ಬೈಕಿನ ಸಸ್ಪೆನ್ಷನ್ ಬೇರೆಯೇ. ಕೆಳಕೋನದ ಚಿತ್ರ ಹಾಕುವಾಗ ಅದೇ ದಿಬ್ಬದ ಪಕ್ಕದ ಚಿತ್ರವನ್ನೂ ಜೊತೆಗೆ ಹಾಕಿದರೆ ಓದುಗರಿಗೆ ಅಳತೆ ಸಿಗುತ್ತದೆ.

ಮಕ್ಕಳ ವಿಭಾಗದ ರೇಸಿನಲ್ಲಿ ಮಾತ್ರ ಕೆಳಗಿಳಿಯುವುದು ಸುಳ್ಳಲ್ಲ, ನ್ಯಾಯ. ಪುಟ್ಟ ಬೈಕಿನ ಮಗುವನ್ನು ದೊಡ್ಡವರ ಎತ್ತರದಿಂದ ತೆಗೆದರೆ ಬರೀ ಹೆಲ್ಮೆಟ್ಟಿನ ನೆತ್ತಿ ಕಾಣುತ್ತದೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತರೆ ಆ ಪುಟ್ಟ ದಿಬ್ಬ ಅದಕ್ಕೆ ಎಷ್ಟು ದೊಡ್ಡದು ಎಂಬುದು ಅರ್ಥವಾಗುತ್ತದೆ.

ಮೇಲಿನಿಂದ, ಹಿಂದಿನಿಂದ

ಗ್ಯಾಲರಿಯ ಮೇಲಿನ ಮೆಟ್ಟಿಲು ಅಥವಾ ಪಕ್ಕದ ಗುಡ್ಡದಿಂದ ನೋಡಿದರೆ ದಿಬ್ಬಗಳೆಲ್ಲ ಚಪ್ಪಟೆ. ಜಂಪ್ ಫೋಟೋಗೆ ಇದು ಬೇಡ. ಆದರೆ ಸ್ಟಾರ್ಟ್ ಗೇಟ್ ಬಿದ್ದ ಕ್ಷಣ, ಸಾಲು ಬೈಕುಗಳು ಬೀಸಣಿಗೆ ಮಡಚಿದಂತೆ ಒಂದೇ ತಿರುವಿಗೆ ಸೇರುವ ನೋಟ ಸಿಗುವುದು ಇಲ್ಲಿಂದಲೇ. ಟ್ರ್ಯಾಕಿನ ಇಡೀ ನಕ್ಷೆಯನ್ನು ಓದುಗರಿಗೆ ತೋರಿಸಬೇಕಿದ್ದರೂ ಮೇಲೇ ಹತ್ತಬೇಕು.

ಹಿಂದಿನಿಂದ ತೆಗೆದರೆ ಮುಖ ಇಲ್ಲ. ಆದರೆ ಅಂಗಿಯ ಬೆನ್ನ ಮೇಲೆ ಬರೆದ ಹೆಸರು, ಹಿಂದಿನ ಚಕ್ರ ಎರಚುವ ಮಣ್ಣಿನ ಕಾರಂಜಿ ಸಿಗುತ್ತವೆ. ಆ ಮಣ್ಣು ಬಂದು ಬೀಳುವುದು ಫೋಟೋಗ್ರಾಫರನ ಮೇಲೆಯೇ. ಅದರಲ್ಲಿ ಕಲ್ಲೂ ಇರುತ್ತದೆ. ದೀಪಾವಳಿ ಮುಗಿದೊಡನೆ ತಾಳವಾಡಿ ಸಮೀಪದ ಗುಮಟಾಪುರದ ಗೋರೆ ಹಬ್ಬಕ್ಕೆ ಕ್ಯಾಮರಾ ಒಯ್ದವರಿಗೆ ಗೊತ್ತು, ಸಗಣಿ ಉಂಡೆ ಹಾರುವಲ್ಲಿ ಲೆನ್ಸ್ ಕಾಪಾಡುವುದು ಎಷ್ಟು ಕಷ್ಟ ಅಂತ. ಇಲ್ಲೂ ಅಷ್ಟೇ: ಲೆನ್ಸಿನ ಮುಂದೆ ಒಂದು ಅಗ್ಗದ ಗಾಜಿನ ಫಿಲ್ಟರ್, ಕ್ಯಾಮರಾಗೆ ಪ್ಲಾಸ್ಟಿಕ್ ಚೀಲ, ಜೇಬಲ್ಲಿ ಮೆತ್ತನೆ ಬ್ರಶ್. ಒರೆಸುವ ಮುನ್ನ ಧೂಳು ಊದಿ ತೆಗೆಯಬೇಕು. ಹಾಗೇ ಉಜ್ಜಿದರೆ ಗಾಜಿಗೆ ಗೀರು.

ತಿರುವು: ಯಾರೂ ನಿಲ್ಲದ ಚಿನ್ನದ ಗಣಿ

ಹೊಸಬರೆಲ್ಲ ಜಂಪಿನ ಹತ್ತಿರ ಗುಂಪು ಸೇರುತ್ತಾರೆ. ಅಲ್ಲಿ ಫೋಟೋ ಸಿಗುವುದು ನಿಜ. ಬೈಕು ಹಾರಾಟದ ತುತ್ತತುದಿಗೆ 0.2 ಸೆಕೆಂಡು ಮೊದಲಿಂದ 0.2 ಸೆಕೆಂಡು ನಂತರದವರೆಗೆ ಅದರ ಎತ್ತರದಲ್ಲಿ ಆಗುವ ಬದಲಾವಣೆ ಸುಮಾರು 20 ಸೆಂಟಿಮೀಟರ್ ಮಾತ್ರ. ಅಂದರೆ ತುದಿಯಲ್ಲಿ ಬೈಕು ತೂಗಾಡಿದಂತೆ ಇರುತ್ತದೆ, ಕ್ಲಿಕ್ಕಿಸಲು ಸ್ವಲ್ಪ ಪುರುಸೊತ್ತು.

ಆದರೆ ರೇಸ್ ಗೆಲ್ಲುವುದು, ಸೋಲುವುದು ಬಹುಪಾಲು ತಿರುವಿನಲ್ಲಿ. ಒಳಗಾಲು ಚಾಚಿ, ಬೈಕನ್ನು ಮಲಗಿಸಿ, ಕಣ್ಣನ್ನು ತಿರುವಿನ ಆಚೆ ನೆಟ್ಟ ಸವಾರನ ಮುಖದಲ್ಲಿ ಇರುವ ಬಿಗಿ ಹಾರಾಟದಲ್ಲಿ ಇರುವುದಿಲ್ಲ. ಇಲ್ಲಿ ವೇಗವೂ ಕಡಿಮೆ, ಮೊಬೈಲಿಗೂ ಸಾಧ್ಯ. ನಿಲ್ಲಬೇಕಾದ್ದು ತಿರುವಿನ ಒಳಬದಿಯ ಕಡೆ, ಬೇಲಿಯ ಹೊರಗೆ, ಸಾಕಷ್ಟು ಹಿಂದೆ. ಹೊರಬದಿ ಬೇಡವೇ ಬೇಡ. ಹಿಡಿತ ತಪ್ಪಿದ ಬೈಕು ಹೆಚ್ಚಾಗಿ ಜಾರುವುದು ಅತ್ತಲೇ.

ಬಿಸಿಲು ಮತ್ತು ಧೂಳು

ಹೆಲ್ಮೆಟ್ಟಿನ ಮುಂಚಾಚು ನೆತ್ತಿ ಮೇಲಿನ ಬಿಸಿಲಿಗೆ ಮುಖವನ್ನು ಕಪ್ಪು ಮಾಡಿಬಿಡುತ್ತದೆ. ಮಧ್ಯಾಹ್ನದ ಚಿತ್ರಗಳಲ್ಲಿ ಕಣ್ಣೇ ಕಾಣದಿರುವುದು ಇದಕ್ಕೇ. ಬೆಳಗಿನ, ಸಂಜೆಯ ಓರೆ ಬಿಸಿಲು ಮುಂಚಾಚಿನ ಕೆಳಗೆ ನುಗ್ಗುತ್ತದೆ. ಆಗ ಸೂರ್ಯ ಬೆನ್ನ ಹಿಂದಿರುವಂತೆ ನಿಂತರೆ ಮುಖ ಸ್ಪಷ್ಟ.

ಸೂರ್ಯನನ್ನು ಎದುರಿಗೆ ಇಟ್ಟುಕೊಂಡರೆ ಮುಖ ಸಿಗದು, ಧೂಳು ಸಿಗುತ್ತದೆ. ಹಿಂಬೆಳಕಿಗೆ ಪ್ರತಿ ಕಣವೂ ಅರಿಶಿನದ ಪುಡಿಯಂತೆ ಹೊಳೆಯುತ್ತದೆ. ಒಂದೇ ಎಚ್ಚರಿಕೆ: ಅತಿ ಧೂಳಿನಲ್ಲಿ ಕ್ಯಾಮರಾದ ಆಟೋಫೋಕಸ್ ಸವಾರನ ಬದಲು ಧೂಳನ್ನೇ ಹಿಡಿಯಬಹುದು. ಮುಂದಿರುವ ಸವಾರನನ್ನು ಆರಿಸಿಕೊಳ್ಳಿ. ಹಿಂದಿರುವವನು ಅವನ ಧೂಳಲ್ಲೇ ಮುಳುಗಿರುತ್ತಾನೆ.

ಮೊಬೈಲ್ ಹಿಡಿದವರು ಬೆರಳಲ್ಲಿ ಝೂಮ್ ಎಳೆದು ಚಿತ್ರ ಕೆಡಿಸಿಕೊಳ್ಳುವುದು ಬೇಡ. ತಿರುವು ಅಥವಾ ಸ್ಟಾರ್ಟ್ ಆರಿಸಿಕೊಂಡು, ಪರದೆ ಮೇಲೆ ಒತ್ತಿ ಹಿಡಿದು ಫೋಕಸ್ ಗಟ್ಟಿ ಮಾಡಿ, ಬರ್ಸ್ಟ್‌ನಲ್ಲಿ ತೆಗೆಯಬಹುದು. ಆದರೂ ಬರ್ಸ್ಟ್ ಎಂದರೆ ಸರ್ವರೋಗಕ್ಕೂ ಮದ್ದಲ್ಲ. ಸೆಕೆಂಡಿಗೆ 10 ಚಿತ್ರ ತೆಗೆದರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ 60 ಕಿ.ಮೀ. ವೇಗದ ಬೈಕು ಒಂದೂವರೆ ಮೀಟರಿಗಿಂತ ಹೆಚ್ಚು ಸಾಗಿರುತ್ತದೆ. ಒತ್ತುವ ಗಳಿಗೆ ತಿಳಿದಿರಲೇಬೇಕು.

ಇಲ್ಲಿ ಮಾತ್ರ ನಿಲ್ಲಬೇಡಿ

ಜಂಪಿನ ಎದುರು, ಬೈಕು ಇಳಿಯುವ ಇಳಿಜಾರಿನ ಹತ್ತಿರ ನಿಂತರೆ ಎದೆ ಝಲ್ಲೆನಿಸುವ ಫೋಟೋ ಬರುತ್ತದೆ ನಿಜ. ಆದರೆ ದಿಬ್ಬದ ಆಚೆ ಏನಿದೆ ಎಂದು ಏರುತ್ತಿರುವ ಸವಾರನಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಬ್ರೇಕ್ ಹಿಡಿದು ನಿಲ್ಲುವ ಮಾತೂ ಇಲ್ಲ. ನೂರು ಕಿಲೋ ಬೈಕು, ಮೇಲೆ ಸವಾರ. ಕ್ಯಾಮರಾದ ಕಿಂಡಿಯಲ್ಲಿ ಒಂದು ಕಣ್ಣಿಟ್ಟವನಿಗೆ ಪಕ್ಕದಿಂದ ಬರುವ ಇನ್ನೊಂದು ಬೈಕು ಕಾಣುವುದಿಲ್ಲ. ಉದ್ದ ಲೆನ್ಸ್‌ನಲ್ಲಿ ದೂರ ಎಷ್ಟಿದೆ ಎಂಬ ಅಂದಾಜೂ ತಪ್ಪುತ್ತದೆ.

ಹಾಗಾಗಿ ಹಳಬರು ಪಾಲಿಸುವ ಕಟ್ಟುಪಾಡುಗಳು ಇವು. ಸಂಘಟಕರ ಅನುಮತಿ ಇಲ್ಲದೆ ಬೇಲಿ ದಾಟಬಾರದು. ಅನುಮತಿ ಇದ್ದರೂ ಆ ಜಾಗದ ಮಾರ್ಷಲ್‌ಗೆ ಒಂದು ಮಾತು ಹೇಳಿ, ಅವರು ತೋರಿಸಿದಲ್ಲಿ ನಿಲ್ಲಬೇಕು. ಬರುವ ಬೈಕುಗಳಿಗೆ ಬೆನ್ನು ಹಾಕಬಾರದು. ಓಡಿ ತಪ್ಪಿಸಿಕೊಳ್ಳಲು ಹಿಂದೆ ದಾರಿ ಇದೆಯೇ ನೋಡಿಕೊಳ್ಳಬೇಕು. ಮಲಗಿಕೊಂಡು ತೆಗೆಯುವುದಾದರೆ ಬೇಲಿ ಹೊರಗೆ ಮಾತ್ರ. ಮಲಗಿದವನು ಏಳುವಷ್ಟರಲ್ಲಿ ಬೈಕು ಬಂದಿರುತ್ತದೆ. ಫ್ಲ್ಯಾಶ್ ಬೇಡ, ಸವಾರನ ಕಣ್ಣಿಗೆ ಹೊಡೆಯುತ್ತದೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯ ಎಂದರ್ಥ. ಬಿಳಿ ಬಾವುಟದ ಮೇಲೆ ಕೆಂಪು ಶಿಲುಬೆ ಕಂಡರೆ ಟ್ರ್ಯಾಕಿನಲ್ಲಿ ವೈದ್ಯಕೀಯ ಸಿಬ್ಬಂದಿ ಇದ್ದಾರೆ ಎಂದರ್ಥ. ಇವೆರಡರ ಪರಿಚಯ ಫೋಟೋಗ್ರಾಫರನಿಗೂ ಇರಬೇಕು.

ಹತ್ತಿರ ಹೋಗಲು ಆಗದಿದ್ದರೆ 70-200 ಎಂಎಂ ಝೂಮ್ ಲೆನ್ಸ್ ಇದೆ. ಕೊಳ್ಳುವಷ್ಟು ಹಣವಿಲ್ಲದಿದ್ದರೆ ಬಾಡಿಗೆಗೂ ಸಿಗುತ್ತದೆ. ಮೂಳೆ ಬಾಡಿಗೆಗೆ ಸಿಗುವುದಿಲ್ಲ.

ಸವಾರ ಬಿದ್ದಾಗ

ಬೀಳದೆ ಮೋಟೋಕ್ರಾಸ್ ಇಲ್ಲ. ಬಿದ್ದು, ಮಣ್ಣು ಕೊಡವಿ, ಬೈಕು ಎತ್ತಿ ಮತ್ತೆ ಓಡುವ ಚಿತ್ರ ಆ ದಿನದ ಅತ್ಯುತ್ತಮ ಚಿತ್ರವಾಗಬಹುದು. ಆದರೆ ಸವಾರ ಏಳದೆ ಮಲಗಿದ್ದಾಗ? ಆಗಲೂ ಕೋನದ ಆಯ್ಕೆ ಇದೆ. ಹತ್ತಿರ ನುಗ್ಗಿ ಮುಖ ತೆಗೆಯಬಹುದು. ದೂರ ನಿಂತು ಓಡಿ ಬರುವ ಮಾರ್ಷಲ್‌ಗಳನ್ನು, ಸ್ಟ್ರೆಚರನ್ನು, ನಿಂತುಬಿಟ್ಟ ಜನರನ್ನು ತೆಗೆಯಬಹುದು. ನಡೆದದ್ದು ಏನೆಂದು ಎರಡನೆಯದೂ ಹೇಳುತ್ತದೆ. ಗಾಯಾಳುವಿನ ಮರ್ಯಾದೆಯನ್ನೂ ಉಳಿಸುತ್ತದೆ.

ಅದೇ ಗಳಿಗೆಯಲ್ಲಿ ಆ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹರಿಬಿಡುವ ಚಟ ಈಗ ಹೆಚ್ಚು. ಮಗ ಬಿದ್ದ ಸುದ್ದಿ ತಾಯಿಗೆ ಮೊದಲು ತಲುಪಬೇಕಾದ್ದು ಮನೆಯವರ ಬಾಯಿಂದ, ಗುರುತಿಲ್ಲದವರ ಫೋನಿನಿಂದಲ್ಲ. ಆ ಚಿತ್ರಕ್ಕೆ ಬೇಕಾದ ಕಾಯುವಿಕೆ ಕೆಲವು ಗಂಟೆಗಳದು ಮಾತ್ರ. ಕಾದರೆ ಯಾರಿಗೂ ನಷ್ಟವಿಲ್ಲ.

ಒಂದು ಫೋಟೋದ ಬೆಲೆ

ರೇಸ್ ಮುಗಿದ ಮೇಲೆ ಪ್ಯಾಡಕ್‌ನಲ್ಲಿ, ಅಂದರೆ ಬೈಕುಗಳನ್ನು ನಿಲ್ಲಿಸುವ ಅಂಗಳದಲ್ಲಿ, ಒಂದು ಸುತ್ತು ಹಾಕಿ ನೋಡಿ. ಧೂಳು ಮೆತ್ತಿದ ಹುಡುಗರು ಕ್ಯಾಮರಾದವರ ಸುತ್ತ ಸೇರುತ್ತಾರೆ. "ಅಣ್ಣಾ, ನಂದು ಆ ಎರಡನೇ ಜಂಪಿಂದು ಸಿಕ್ತಾ? ಸಿಕ್ಕಿದ್ರೆ ಕಳಿಸಣ್ಣಾ." ಇದು ಬರೀ ಸ್ಟೇಟಸ್‌ಗೆ ಹಾಕಿಕೊಳ್ಳುವ ಆಸೆಯಲ್ಲ. ಕಾರ್ಖಾನೆ ತಂಡದ ಆಸರೆ ಇಲ್ಲದ ಸವಾರನಿಗೆ ಟೈರು, ಬಿಡಿಭಾಗ, ಪ್ರಯಾಣ, ಪ್ರವೇಶ ಶುಲ್ಕ ಎಲ್ಲ ಕೈಯಿಂದಲೇ. ಊರಿನ ಶೋರೂಮ್ ಮಾಲೀಕರ ಬಳಿಯೋ, ಟೈರ್ ಡೀಲರ್ ಬಳಿಯೋ ನೆರವು ಕೇಳಲು ಹೋದಾಗ ಮೇಜಿನ ಮೇಲೆ ಇಡಲು ಅವನ ಹತ್ತಿರ ಇರುವುದು ಫಲಿತಾಂಶದ ಪಟ್ಟಿ ಮತ್ತು ಫೋಟೋ. ನಂಬರ್ ಓದುವಂತಿರುವ, ಅಂಗಿ ಮೇಲಿನ ಹೆಸರು ಕಾಣುವ, ಓಡಿಸುವ ಭಂಗಿ ಹೇಳುವ ಒಂದು ಓರೆಕೋನದ ಚಿತ್ರ ಅವನಿಗೆ ಅರ್ಜಿ ಇದ್ದಂತೆ. ಹಿಂದಿನ ಚಕ್ರದ ಧೂಳಷ್ಟೇ ಇರುವ ಚಿತ್ರ ಎಷ್ಟೇ ಸುಂದರವಾದರೂ ಆ ಮೇಜಿನ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಅದಕ್ಕೇ ದಿನವಿಡೀ ಒಂದೇ ಕಡೆ ನಿಲ್ಲುವ ಬದಲು ಕೆಲಸವನ್ನು ಹಂಚಿಕೊಳ್ಳುವುದು ಜಾಣತನ. ಅಭ್ಯಾಸದ ಹೊತ್ತಿಗೆ ಜಾಗ ನೋಡುವುದು, ಮೊದಲ ರೇಸಿನಲ್ಲಿ ಮೇಲಿನಿಂದ ಸ್ಟಾರ್ಟ್, ನಂತರ ಓರೆಕೋನದಿಂದ ಪ್ರತಿ ಸವಾರನಿಗೂ ಒಂದೊಂದು ಸ್ಪಷ್ಟ ಚಿತ್ರ, ಬಿಸಿಲು ಇಳಿದ ಮೇಲೆ ಪ್ಯಾನಿಂಗು, ಹಿಂಬೆಳಕಿನ ಧೂಳು. ಗೆದ್ದವನ ಫೋಟೋ ಎಲ್ಲರೂ ತೆಗೆಯುತ್ತಾರೆ. ಹದಿನೈದನೆಯವನಾಗಿ ಬಂದ ಹುಡುಗನ ಫೋಟೋ ತೆಗೆದವರು ಒಬ್ಬರಿದ್ದರೂ ಅವನ ಮನೆಯ ಗೋಡೆ ಮೇಲೆ ಅದು ವರ್ಷಗಟ್ಟಲೆ ಇರುತ್ತದೆ.

ಮುಂದಿನ ಸಲ ಕ್ಯಾಮರಾ ಹಿಡಿದು ಟ್ರ್ಯಾಕಿಗೆ ಹೊರಡುವವರು ಬ್ಯಾಟರಿ, ಕಾರ್ಡು, ನೀರಿನ ಬಾಟಲಿ, ಟೋಪಿ ಜೊತೆಗೆ ಒಂದು ಸಣ್ಣ ಪುಸ್ತಕವನ್ನೂ ಇಟ್ಟುಕೊಳ್ಳಲಿ. ಅದರಲ್ಲಿ ಸವಾರನ ನಂಬರು, ಹೆಸರು, ಊರು ಬರೆದುಕೊಂಡರೆ ಫೋಟೋ ಯಾರದು, ಯಾರಿಗೆ ತಲುಪಬೇಕು ಎಂಬುದು ತಪ್ಪುವುದಿಲ್ಲ.